ಗೋಡೆಗೆ ಮುಖ ಮಾಡಿದ ಕುರ್ಚಿ

ನಮ್ಮ ತಾಕುವಾರಿಯಲ್ಲಿ ಸುನಿಲ್ದಾ ಒವೆಲಾರ್ ಅಂದರೆ ಮುಖಕ್ಕಿಂತ ಬೆನ್ನೇ ಹೆಚ್ಚು ಜನಕ್ಕೆ ಪರಿಚಯ. ಊರಿನಲ್ಲಿ ನಲವತ್ತು ದಾಟದ ಯಾರನ್ನೇ ಕೇಳಿ, ಆರು ವರ್ಷದವರಿದ್ದಾಗ ಆ ಬೆನ್ನಿನ ಎದುರು ಕೂತು ಗಿಟಾರ್ ಮೀಟಿದ ಕಥೆ ಹೇಳುತ್ತಾರೆ. ಬಿಳಿ ರವಿಕೆ, ಸೊಂಟದವರೆಗೆ ಇಳಿದ ಜಡೆ, ಗೋಡೆಯ ಕಡೆಗೆ ತಿರುಗಿದ ತಲೆ. ಅಷ್ಟೇ. ಹೊರಗೆ ಬಂದ ಮೇಲೆ ಊರ ಸಂಗೀತ ಮನೆಯ ಪಾಠಕ್ಕೆ ಜಾಗ ಸಿಕ್ಕಿತೋ ಇಲ್ಲವೋ ಅನ್ನುವುದು ಬಾಗಿಲಿಗೆ ಅಂಟಿಸಿದ ಚೀಟಿಯಿಂದ ತಿಳಿಯುತ್ತಿತ್ತು.

ನಾನು ಎವಾರಿಸ್ತೋ, ಆ ಸಂಗೀತ ಮನೆಯ ಗುಮಾಸ್ತ. ಬೀಗ ತೆಗೆಯುವವನು, ಕಸ ಗುಡಿಸುವವನು, ಚೀಟಿ ಅಂಟಿಸುವವನು ಎಲ್ಲಾ ನಾನೇ. ಸಂಗೀತದ ಮಟ್ಟಿಗೆ ನನ್ನದು ಕತ್ತೆ ಕಿವಿ. ಅದಕ್ಕೇ ನನ್ನನ್ನು ಇಟ್ಟುಕೊಂಡಿದ್ದು ಎಂದು ಸುನಿಲ್ದಕ್ಕ ಮುಖಕ್ಕೆ ಹೊಡೆದ ಹಾಗೆ ಹೇಳುತ್ತಿದ್ದಳು. "ನಿಂಗೆ ಏನೂ ಕೇಳ್ಸಲ್ಲ, ಅದೇ ನಿನ್ನ ಯೋಗ್ಯತೆ" ಅನ್ನುವಳು. ಮೂವತ್ತೊಂದು ವರ್ಷ ಅದನ್ನು ಹೊಗಳಿಕೆ ಎಂದೇ ತಿಳಿದಿದ್ದೆ.

ಅವಳು ಗಿಟಾರ್ ಮಾಡುವವರ ಮನೆಯ ಕೊನೆಯ ಮಗಳು. ಅಪ್ಪ ಲೂಕೆ ಪಟ್ಟಣದಿಂದ ಮರ ತಂದು ಅಂಗಳದಲ್ಲಿ ಒಣಗಿಸುತ್ತಿದ್ದ. ಹಲಗೆಯನ್ನು ಬೆರಳಿನಿಂದ ತಟ್ಟಿ, ಇದು ಹಾಡುತ್ತೆ, ಇದು ಕೆಮ್ಮುತ್ತೆ ಎಂದು ಬೇರ್ಪಡಿಸುವ ಕೆಲಸ ಎಂಟನೇ ವಯಸ್ಸಿಗೇ ಅವಳ ಪಾಲಿಗೆ ಬಂತು. ನುಡಿಸಲು ಅವಳಿಗೆ ಆಗಲೇ ಇಲ್ಲ. ಕುದಿಯುವ ಅಂಟಿನ ಪಾತ್ರೆಯೊಳಗೆ ಎಡಗೈ ಬಿದ್ದು ಎರಡು ಬೆರಳು ಸೊಟ್ಟಗಾಗಿದ್ದವು. ಕೈ ಹೋದರೂ ಕಿವಿ ಉಳಿಯಿತು. ಬಸ್ ಚಾಲಕನನ್ನು ಮದುವೆಯಾದಳು, ಒಬ್ಬ ಮಗನನ್ನು ಹೆತ್ತಳು, ಗಂಡನನ್ನು ಬೇಗ ಕಳೆದುಕೊಂಡಳು. ಸಂಗೀತ ಮನೆಯ ಗಿಟಾರುಗಳನ್ನು ಶ್ರುತಿ ಮಾಡಿಡುವ ಕೆಲಸಕ್ಕೆ ಸೇರಿದಳು. ನಮ್ಮ ಕಡೆ ಬೇಸಿಗೆಯಾದ ಫೆಬ್ರವರಿಯ ಸೆಕೆಗೆ ತಂತಿಗಳು ದಿನಕ್ಕೆರಡು ಸಲ ಇಳಿಯುತ್ತವೆ, ಕೆಲಸಕ್ಕೇನೂ ಬರವಿರಲಿಲ್ಲ.

ಮಕ್ಕಳನ್ನು ಆರಿಸುವ ಕೆಲಸ ಅವಳಿಗೆ ಬಂದದ್ದು ಜಗಳದಿಂದ. ಪ್ರತಿ ವರ್ಷ ಎಂಟು ಮಕ್ಕಳಿಗೆ ಪಾಠ, ಎಂಟು ಪುಟ್ಟ ಗಿಟಾರು. ಬರುವವರು ನಲವತ್ತು, ಐವತ್ತು. ಮೊದಲು ಆರಿಸುತ್ತಿದ್ದ ಮೇಷ್ಟ್ರು ತನ್ನ ತಂಗಿಯ ಮಕ್ಕಳಿಂದಲೇ ಅರ್ಧ ಪಟ್ಟಿ ತುಂಬಿಸಿದ. ಊರು ಬಾಯಿ ಮಾಡಿತು. ಸುನಿಲ್ದಕ್ಕನನ್ನು ಕೂರಿಸಿದರು. ಆದರೆ ಅವಳ ಕಷ್ಟ ಇನ್ನೂ ದೊಡ್ಡದು. ಇಪ್ಪತ್ತಮೂರು ಮಕ್ಕಳಿಗೆ ಅವಳು ಜ್ಞಾನಸ್ನಾನದ ತಾಯಿ. ಬೀದಿಯಲ್ಲಿ ಹೋದರೆ ಮಕ್ಕಳು ಕೈಜೋಡಿಸಿ ಆಶೀರ್ವಾದ ಕೇಳುತ್ತವೆ, ಹಿಂದೆಯೇ ಅವುಗಳ ಅಮ್ಮಂದಿರು ಕೋಳಿ ಹಿಡಿದು ಬರುತ್ತಾರೆ.

"ಮುಖ ನೋಡಿದ್ರೆ ನಾನು ಸೋತ್ಹೋಗ್ತೀನಿ ಕಣೋ ಎವಾರಿಸ್ತೋ. ಗೋಡೆ ಕಡೆ ಕೂತ್ಕೋತೀನಿ" ಅಂದಳು.

ಹಾಗೆ ಕಟ್ಟಳೆ ಹುಟ್ಟಿತು. ಮಕ್ಕಳು ಮರದ ಬಿಲ್ಲೆ ಎತ್ತಬೇಕು, ಬಿಲ್ಲೆಯ ಮೇಲೆ ಸಂಖ್ಯೆ. ಒಳಗೆ ಯಾರೂ ಬಾಯಿ ಬಿಡಬಾರದು, ದನಿಯ ಗುರುತು ಸಿಗುತ್ತದೆ. ನಾನು ಸಂಖ್ಯೆ ಕೂಗಬೇಕು, ಆಮೇಲೆ ನಾನೂ ಮೂಗ. ಎರಡನೇ ವರ್ಷ ಒಬ್ಬಾಕೆ ಮಗನಿಗೆ ಕೀಚುಗುಟ್ಟುವ ಹೊಸ ಬೂಟು ಹಾಕಿಸಿ, "ಕೀಚ್ ಅನ್ನೋದು ನಮ್ಮವನೇ ಅಕ್ಕ" ಎಂದು ಮೊದಲೇ ಹೇಳಿಟ್ಟಿದ್ದಳು. ಅಂದಿನಿಂದ ಚಪ್ಪಲಿ, ಬೂಟು ಹೊರಗೆ.

ಇನ್ನೊಂದು ಗುಟ್ಟು ನಮ್ಮಿಬ್ಬರಿಗೇ ಗೊತ್ತಿದ್ದದ್ದು. ಪರೀಕ್ಷೆಯ ಗಿಟಾರಿನ ಮೂರನೇ ತಂತಿಯನ್ನು ಅವಳು ಬೆಳಿಗ್ಗೆಯೇ ಬಿರಡೆ ತಿರುಗಿಸಿ ಎಳ್ಳುಕಾಳಿನಷ್ಟು ಇಳಿಸಿಡುತ್ತಿದ್ದಳು. ಮಗು ತನಗೆ ಬರುವ ಯಾವುದೋ ಒಂದು ಮಟ್ಟು ನುಡಿಸಬೇಕು. ಕಿವಿಯಿಲ್ಲದ ಮಗು ಅಪಸ್ವರದ ಮೇಲೆಯೇ ಸಂತೋಷವಾಗಿ ಸವಾರಿ ಹೋಗುತ್ತದೆ. ಕಿವಿಯಿರುವ ಮಗು ಅಲ್ಲಿಗೆ ಬಂದಾಗ ತಡವರಿಸುತ್ತದೆ, ನಿಲ್ಲುತ್ತದೆ, ಮತ್ತೆ ಮೀಟಿ ನೋಡುತ್ತದೆ. ಒಂದು ಹುಡುಗಿ ಅತ್ತೇಬಿಟ್ಟಿತ್ತು. ಆ ತಡವರಿಕೆಗಾಗಿಯೇ ಸುನಿಲ್ದಕ್ಕ ಬೆನ್ನು ಮಾಡಿ ಕಾಯುತ್ತಿದ್ದಳು. "ಬೆರಳು ಓಡೋದನ್ನ ಯಾರು ಬೇಕಾದ್ರೂ ಕಲಿಸ್ತಾರೆ. ನೋಯೋದನ್ನ ಕಲಿಸೋಕಾಗಲ್ಲ" ಅನ್ನುವಳು.

ಅವಳ ನಿಷ್ಪಕ್ಷಪಾತಕ್ಕೆ ಊರು ಕೊಡುತ್ತಿದ್ದ ಸಾಕ್ಷಿ ಒಂದೇ. ಮೂರನೇ ವರ್ಷ ಏಳನೇ ಸಂಖ್ಯೆಗೆ ಅವಳು ಅಡ್ಡಗೀಟು ಎಳೆದಳು. ಏಳನೇ ಸಂಖ್ಯೆ ಅವಳ ಸ್ವಂತ ಮಗ ಸೆಫೆರಿನೋ. ಪಾದ್ರಿಗಳು ಅದನ್ನು ಪ್ರಸಂಗದಲ್ಲೇ ಹೇಳಿದರು. ಹೊರಗಿನವರು ಬಂದರೆ ಊರವರು ಈ ಕಥೆಯನ್ನು ನಮ್ಮ ಚರ್ಚಿನ ಗಂಟೆ ತೋರಿಸಿದ ಹಾಗೆ ತೋರಿಸುತ್ತಾರೆ. ಸೆಫೆರಿನೋ ಈಗ ಎನ್ಕಾರ್ನಸಿಯೋನ್ ಕಡೆ ಲಾರಿ ಓಡಿಸುತ್ತಾನೆ. ಕ್ರಿಸ್ಮಸ್ಸಿಗೆ ಬರುತ್ತಾನೆ, ಊಟ ಮಾಡುತ್ತಾನೆ, ಗಿಟಾರ್ ಸುತ್ತು ಬಂದಾಗ ಪಕ್ಕದವನಿಗೆ ದಾಟಿಸುತ್ತಾನೆ.

ಇನ್ನು ಕಳೆದ ವರ್ಷದ ಮಾತು. ಬಸ್ ನಿಲ್ದಾಣದಲ್ಲಿ ಚಿಪಾ ಎಂಬ ಚೀಸ್ ರೊಟ್ಟಿ ಮಾರುವ ಪೆತ್ರೋನಾ ತನ್ನ ಮೊಮ್ಮಗಳು ನಿಮಿಯಾಳನ್ನು ಕರೆದುಕೊಂಡು ಬಂದಳು. ನಿಮಿಯಾಗೆ ಆರು ವರ್ಷ, ಮುಂದಿನ ಎರಡು ಹಲ್ಲಿಲ್ಲ. ತಾಯಿ ಬ್ಯೂನಸ್ ಐರಿಸ್‌ನಲ್ಲಿ ಮನೆಗೆಲಸಕ್ಕೆ ಹೋದವಳು. ತಾತ ಸತ್ತಾಗ ಬಿಟ್ಟುಹೋದ ಗಿಟಾರಿನ ಮೇಲೆ ಮಗು ತಾನಾಗಿಯೇ ಏನೇನೋ ನುಡಿಸುತ್ತದೆ ಎಂದು ಪೆತ್ರೋನಾ ವರ್ಷದಿಂದ ನನ್ನ ತಲೆ ತಿನ್ನುತ್ತಿದ್ದಳು. ಚಿಪಾವನ್ನೂ ತಿನ್ನಿಸುತ್ತಿದ್ದಳು, ಸುಳ್ಳೇಕೆ ಹೇಳಲಿ. ಬೆಳಿಗ್ಗೆ ಬಿಸಿಯಾಗಿ, ಚೀಸ್ ಇನ್ನೂ ಎಳೆಎಳೆಯಾಗಿರುವಾಗಲೇ ಒಂದು ತೆಗೆದು ಕೊಡುವಳು. ಮೂವತ್ತೊಂದು ವರ್ಷದಿಂದ ಕೊಡುತ್ತಿದ್ದಳು, ಮೊಮ್ಮಗಳು ಹುಟ್ಟುವ ಎಷ್ಟೋ ಮೊದಲಿನಿಂದ.

"ಈ ಸಲ ಜಾಗ ಸಿಗ್ಲಿಲ್ಲ ಅಂದ್ರೆ ಇವಳ ಅಮ್ಮ ಕರೆಸ್ಕೊಂಡ್ಬಿಡ್ತಾಳೆ ಎವಾರಿಸ್ತೋ. ಅಲ್ಲಿ ಒಂದೇ ಕೋಣೆ. ಅವಳು ಕೆಲ್ಸಕ್ಕೆ ಹೋದ್ರೆ ಮಗು ಬಾಗ್ಲು ಹಾಕ್ಕೊಂಡು ಒಬ್ಳೇ ಕೂತಿರ್ಬೇಕು. ಪಾಠ ಇದೆ ಅಂದ್ರೆ ಇಲ್ಲೇ ಬಿಡ್ತೀನಿ ಅಂದಿದ್ದಾಳೆ" ಅಂದಳು.

"ನಾನೇನು ಮಾಡ್ಲಿ ಪೆತ್ರೋನಮ್ಮ, ನಂದು ಸಂಖ್ಯೆ ಕೂಗೋ ಕೆಲ್ಸ."

"ಕೂಗೋದನ್ನಾದ್ರೂ ಸ್ವಲ್ಪ ಪ್ರೀತಿಯಿಂದ ಕೂಗು."

ನಿಮಿಯಾಗೆ ಬಂದ ಬಿಲ್ಲೆ ನಲವತ್ತಮೂರು. ಅವತ್ತಿನ ಕೊನೆಯದು. ಬರಿಗಾಲಲ್ಲಿ ಬಂದು ಕೂತಳು. ನಾನು ಸುನಿಲ್ದಕ್ಕನ ಪಕ್ಕದಲ್ಲಿ ಮಕ್ಕಳ ಕಡೆ ಮುಖ ಮಾಡಿ ನಿಂತಿದ್ದೆ, ಎಂದಿನಂತೆ. ಮಗು ನಮ್ಮೂರಿನ ಹಬ್ಬದ ಕುಣಿತದ ಮಟ್ಟೊಂದನ್ನು ಶುರು ಮಾಡಿತು. ಮೂರನೇ ತಂತಿಗೆ ಬಂದಾಗಲೆಲ್ಲ ಬೆರಳಿನಿಂದ ತಂತಿಯನ್ನು ಓರೆಯಾಗಿ ಎಳೆಯುತ್ತಿತ್ತು. ಕೈಯಲ್ಲಿ ಬಲವಿಲ್ಲ, ಬೆರಳು ಜಾರುತ್ತಿದೆ, ಪಾಪ ಅಂದುಕೊಂಡೆ. ಎಲ್ಲೂ ನಿಲ್ಲದೆ, ತಡವರಿಸದೆ ಮುಗಿಸಿತು.

ಸುನಿಲ್ದಕ್ಕನ ಜಡೆ ಅಲುಗಲಿಲ್ಲ. ಗೋಡೆಗೇ ಕೇಳಿದಳು.

"ಬಿರಡೆ ಯಾರು ತಿರುಗಿಸಿದ್ದು?"

"ಯಾರೂ ಇಲ್ಲ ಅಕ್ಕ" ಅಂದೆ.

"ಮೂರನೇ ತಂತಿ ಸರಿಯಾಗಿದೆ. ಇದರ ಹಿಂದಿನ ಮಗು ನುಡಿಸಿದಾಗ ಇಳಿದಿತ್ತು, ಈಗ ಸರಿಯಾಗಿದೆ. ತಾನಾಗೇ ಏರ್ತಾ?"

"ನಾನು ಮುಟ್ಲಿಲ್ಲ ಅಜ್ಜಿ" ಎಂದು ಮಗು ಬಾಯಿ ಬಿಟ್ಟಿತು. ಅದು ಇನ್ನೊಂದು ತಪ್ಪಾಯಿತು.

ಸುನಿಲ್ದಕ್ಕ ಎದ್ದು ನನ್ನ ಮುಖ ನೋಡಿದಳು. ಗುಟ್ಟು ಇದ್ದದ್ದು ಇಬ್ಬರಲ್ಲಿ. ತಾನು ಹೇಳಿಲ್ಲ, ಅಂದಮೇಲೆ ಹೇಳಿದವನು ಯಾರು? ನನ್ನ ಅಂಗಿಯ ಮೇಲೆ ಬೆಳಗಿನ ಚಿಪಾದ ಪುಡಿ ಇನ್ನೂ ಇತ್ತೋ ಏನೋ. ಅವಳು ಗಿಟಾರನ್ನು ಎತ್ತಿ ಒಂದೇ ಒಂದು ಸಲ ಆ ತಂತಿಯನ್ನು ಮೀಟಿದ್ದರೆ ಮುಗಿದಿತ್ತು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅನ್ನುತ್ತಾರೆ. ಇವಳು ಕಂಡಿರಲೂ ಇಲ್ಲ. ಆದರೆ ಮೂವತ್ತೊಂದು ವರ್ಷ ಎಲ್ಲರೂ ತಲೆಬಾಗಿದ ಕಿವಿ ಅದು, ತನ್ನನ್ನೇ ತಾನು ಯಾಕೆ ಪರೀಕ್ಷಿಸಿಕೊಳ್ಳುತ್ತದೆ? ಸೀದಾ ಅಂಗಳಕ್ಕೆ ಹೋಗಿ ಮಾವಿನ ಮರದ ಕೆಳಗೆ ಕಾಯುತ್ತಿದ್ದ ಅಮ್ಮಂದಿರ ಎದುರಿಗೇ ಹೇಳಿದಳು.

"ನಲವತ್ತಮೂರಕ್ಕೆ ಜಾಗ ಇಲ್ಲ. ಮೋಸ ಮಾಡಿದೋರ ಮನೆಗೆ ಗಿಟಾರ್ ಕೊಡಲ್ಲ."

ಪೆತ್ರೋನಾ ಮಗುವಿನ ಚಪ್ಪಲಿ ಹುಡುಕಿ ಹಾಕಿಸಿ, ಕೈ ಹಿಡಿದು ಹೊರಟುಹೋದಳು. ನಿಮಿಯಾ ಮಾತ್ರ ಗೇಟಿನವರೆಗೂ ತಿರುಗಿ ತಿರುಗಿ ನೋಡುತ್ತಿತ್ತು.

ಊರ ಬಾಯಿಗೆ ಬೀಗ ಹಾಕುವವರು ಯಾರು? ಎವಾರಿಸ್ತೋ ಚಿಪಾಕ್ಕೆ ಮಾರಿಕೊಂಡ ಅಂದರು. ಕಟುಕ ರುಫಿನೋ ಅಂಗಡಿಯಿಂದಲೇ ಕೂಗುತ್ತಿದ್ದ, "ಮೂವತ್ತು ವರ್ಷದ ನಿಯತ್ತು, ಒಂದು ರೊಟ್ಟಿ ರೇಟು." ನಿಲ್ದಾಣದಲ್ಲಿ ಪೆತ್ರೋನಾ ನನ್ನನ್ನು ಕಂಡರೆ ಬುಟ್ಟಿಗೆ ಬಟ್ಟೆ ಮುಚ್ಚುತ್ತಿದ್ದಳು. ಸುನಿಲ್ದಕ್ಕ ನನ್ನ ಜೊತೆ ತೆರೆರೆ ಕುಡಿಯುವುದನ್ನು ಬಿಟ್ಟಳು. ಅದೇ ನನಗೆ ಎಲ್ಲಕ್ಕಿಂತ ಹೆಚ್ಚು ನೋವಾದದ್ದು. ಒಂದೇ ಕೊಂಬಿನ ಲೋಟದಲ್ಲಿ, ಒಂದೇ ಕೊಳವೆಯಲ್ಲಿ, ಸರದಿಯಂತೆ ಎಲೆಪುಡಿಯ ಮೇಲೆ ತಣ್ಣೀರು ಸುರಿದುಕೊಂಡು ಕುಡಿದವರು ನಾವು. ಈಗ ಅವಳು ತನ್ನ ಲೋಟ ಹಿಡಿದು ಆ ಮೂಲೆ, ನಾನು ಈ ಮೂಲೆ.

ನಾಲ್ಕನೇ ದಿನ ಅವಳು ಗಿಟಾರುಗಳನ್ನು ಒಂದೊಂದಾಗಿ ಹೊರತೆಗೆದು ಶ್ರುತಿ ಮಾಡುತ್ತಿದ್ದಳು. ಪರೀಕ್ಷೆಯ ಗಿಟಾರನ್ನು ಅವತ್ತು ನಾನೇ ಪೆಟ್ಟಿಗೆಯೊಳಗಿಟ್ಟು ಚಿಲಕ ಹಾಕಿದ್ದೆ, ಆಮೇಲೆ ಯಾರೂ ತೆಗೆದಿರಲಿಲ್ಲ. ಅದನ್ನು ಎತ್ತಿಕೊಂಡು ಆರೂ ತಂತಿ ಮೀಟಿದಳು. ಮೂರನೆಯದನ್ನು ಮತ್ತೆ ಮೀಟಿದಳು. ಮತ್ತೆ.

"ಎವಾರಿಸ್ತೋ, ಇಲ್ಲಿ ಬಾ."

ಹೋದೆ.

"ಉಳಿದ ಐದೂ ಒಟ್ಟಿಗೇ ಒಂದೇ ಅಳತೆಗೆ ಇಳಿದಿವೆ. ಇದು ಮಾತ್ರ ಅವುಗಳಿಗಿಂತ ಒಂದು ಎಳ್ಳು ಕೆಳಗಿದೆ. ನಾನು ಅವತ್ತು ಬೆಳಿಗ್ಗೆ ಇಟ್ಟಷ್ಟೇ. ಯಾರೂ ತಿರುಗಿಸಿಲ್ಲ ಇದನ್ನ." ಅವಳ ದನಿ ಸಣ್ಣದಾಗಿತ್ತು. "ಹಂಗಾದ್ರೆ ಆ ಮಗು ನುಡಿಸಿದ್ದು ಹೆಂಗೆ ಸರಿಯಾಗಿ ಕೇಳಿಸ್ತು?"

"ನಂಗೇನು ಗೊತ್ತು ಅಕ್ಕ, ನಂದು ಕತ್ತೆ ಕಿವಿ. ಕಣ್ಣಲ್ಲಿ ಕಂಡದ್ದು ಬೇಕಾದ್ರೆ ಹೇಳ್ತೀನಿ. ಅದು ಆ ತಂತೀನ ಬೆರಳಲ್ಲಿ ಓರೆಯಾಗಿ ಎಳೀತಿತ್ತು. ಪ್ರತಿ ಸಲಾನೂ. ಬಲ ಸಾಲದೆ ಜಾರ್ತಿದೆ ಅಂದ್ಕೊಂಡೆ."

ಅವಳು ತನ್ನ ಸೊಟ್ಟ ಬೆರಳನ್ನೇ ಆ ತಂತಿಯ ಮೇಲಿಟ್ಟು ಓರೆಯಾಗಿ ಎಳೆದು ಮೀಟಿದಳು. ಕಣ್ಣು ಮುಚ್ಚಿದಳು.

"ಎಳೆದ್ರೆ ಏರುತ್ತೆ, ಸರಿಹೋಗುತ್ತೆ. ಬಿಡಿ ತಂತಿ?"

"ಅಂದ್ರೆ?"

"ಬೆರಳು ಇಡದೆ ಮೂರನೇ ತಂತೀನ ಮೀಟ್ತಾ ಅದು?"

ನೆನಪು ಮಾಡಿಕೊಂಡೆ. ಇಲ್ಲ. ಅಲ್ಲಿಗೆ ಬಂದಾಗ ಪುಟ್ಟ ಕೈಯನ್ನು ಮೇಲಿನ ತಂತಿಯ ಐದನೇ ಮೆಟ್ಟಿಲಿನವರೆಗೂ ಚಾಚುತ್ತಿತ್ತು. ಅದನ್ನೂ ಹೇಳಿದೆ.

"ಅಯ್ಯೋ ದೇವ್ರೇ. ಇಷ್ಟು ಕಂಡಿದ್ದೂ ಅವತ್ತು ಯಾಕೆ ಬಾಯಿ ಬಿಡ್ಲಿಲ್ಲ ನೀನು?"

"ಮೂವತ್ತೊಂದು ವರ್ಷದ ಹಿಂದೆ ನೀವೇ ಹೇಳಿದ್ರಲ್ಲ, ಒಳಗೆ ನಾನು ಮೂಗ ಅಂತ."

ಅವಳು ಬಯ್ಯುತ್ತಾಳೆ ಅಂದುಕೊಂಡಿದ್ದೆ. ಬಯ್ಯಲಿಲ್ಲ. ಗಿಟಾರನ್ನು ಕಂಕುಳಲ್ಲಿ ಇರುಕಿಕೊಂಡು ಬಿಸಿಲಿಗೆ ಇಳಿದಳು. ನಾನು ಹಿಂದೆ ಓಡಿದೆ.

ಪೆತ್ರೋನಾಳ ಮನೆ ಬಸ್ ನಿಲ್ದಾಣದ ಹಿಂದುಗಡೆಯೇ. ಅಸುನ್ಸಿಯೋನ್ ಬಸ್ಸಿಗೆ ಜನ ಕಾಯುತ್ತಿದ್ದರು, ರುಫಿನೋ ಕೂಡ ಇದ್ದ. ಪೆತ್ರೋನಾ ಬುಟ್ಟಿ ಇಳಿಸಿ ಸೊಂಟದ ಮೇಲೆ ಕೈಯಿಟ್ಟಳು.

"ಬೆನ್ನು ತೋರ್ಸೋಕೆ ಬಂದ್ಯೋ, ಮುಖ ತೋರ್ಸೋಕೆ ಬಂದ್ಯೋ ಸುನಿಲ್ದಾ?"

"ಮುಖಾನೇ ತೋರ್ಸೋಕೆ ಬಂದೆ. ನಿಮ್ಮನೆ ಗಿಟಾರ್ ಒಂದ್ಸಲ ನೋಡ್ಬೇಕು."

"ಅದರಲ್ಲೂ ಕಳ್ಳ ಮಾಲು ಹುಡುಕ್ತೀಯಾ?"

"ಬಯ್ಯಿ, ಬಯ್ದು ಮುಗಿಸು. ಆಮೇಲೆ ತೋರ್ಸು."

ಪೆತ್ರೋನಾ ಮುಗಿಸುವುದಕ್ಕೆ ಸಾಕಷ್ಟು ಸಮಯ ತೆಗೆದುಕೊಂಡಳು. ಬಸ್ಸು ಬಂತು, ಹೋಯಿತು, ಅರ್ಧ ಜನ ಹತ್ತಲೇ ಇಲ್ಲ. ಕೊನೆಗೆ ನಿಮಿಯಾ ತಾನೇ ಒಳಗಿನಿಂದ ತಾತನ ಗಿಟಾರ್ ಎಳೆದುಕೊಂಡು ಬಂತು. ಅದಕ್ಕಿಂತ ಗಿಟಾರೇ ಉದ್ದ. ಮೂರನೇ ತಂತಿಯ ಬಿರಡೆ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ತಾತ ಸತ್ತಾಗಿನಿಂದ ಅದು ತಿರುಗಿಲ್ಲ, ಮಗು ಅದನ್ನು ಕೈಗೆತ್ತಿಕೊಂಡ ದಿನದಿಂದ ಆ ತಂತಿ ಇಳಿದೇ ಇದೆ. ಯಾರೂ ಹೇಳಿಕೊಡದೆ ಮಗು ಅದನ್ನು ಎಳೆದು ಸರಿಮಾಡಿಕೊಂಡಿತ್ತು. ಬೆರಳಿಡದ ಬಿಡಿ ತಂತಿಯನ್ನು ಎಳೆಯಲಾಗದು, ಆ ಸ್ವರವನ್ನು ಪಕ್ಕದ ತಂತಿಯಲ್ಲಿ ಹುಡುಕಿಕೊಂಡಿತ್ತು. ಪರೀಕ್ಷೆಯ ಗಿಟಾರ್ ಅದಕ್ಕೆ ಮನೆಯ ಗಿಟಾರಿನ ಹಾಗೆಯೇ ಕಂಡಿದೆ. ನಮ್ಮ ಬಲೆ ಅದರ ದಿನದ ಹಾದಿಯಾಗಿತ್ತು.

ಸುನಿಲ್ದಕ್ಕ ನೆಲದ ಮೇಲೆ ಮಗುವಿನ ಎದುರಿಗೆ ಕೂತಳು. ತಾನು ತಂದಿದ್ದ ಪುಟ್ಟ ಗಿಟಾರಿನ ಆರೂ ತಂತಿಗಳನ್ನು ಸರಿಯಾಗಿ ಶ್ರುತಿ ಮಾಡಿ ಅದರ ಮಡಿಲಲ್ಲಿಟ್ಟಳು.

"ಅದೇ ಮಟ್ಟು ನುಡಿಸು ಕಂದ."

"ಮಾತಾಡ್ಬಹುದಾ?"

"ಬಾಯ್ತುಂಬ ಮಾತಾಡು."

ಮಗು ಶುರು ಮಾಡಿತು. ಮೂರನೇ ತಂತಿಗೆ ಬಂದಾಗ ಅಭ್ಯಾಸದಂತೆ ಎಳೆಯಿತು. ಸ್ವರ ಮೇಲಕ್ಕೆ ಹಾರಿತು. ಆ ಅಪಸ್ವರ ನನ್ನ ಕತ್ತೆ ಕಿವಿಗೂ ಕೇಳಿಸಿತು. ಮಗು ತಟ್ಟನೆ ನಿಂತು, ಹುಳಿ ನಿಂಬೆ ಕಚ್ಚಿದಂತೆ ಮುಖ ಮಾಡಿತು. ಇನ್ನೊಮ್ಮೆ ಸ್ವಲ್ಪ ಕಡಿಮೆ ಎಳೆಯಿತು. ಮೂರನೇ ಸಲ ಬೆರಳನ್ನು ನೆಟ್ಟಗೆ ಇಟ್ಟು ಮೀಟಿತು, ಕಿವಿಯನ್ನು ಮರದ ಹತ್ತಿರ ತಂದು ಕೇಳಿತು.

"ಅಜ್ಜಿ, ಇದು ಬೇರೆ ಥರ ಇದೆ. ಇದನ್ನ ಎಳೀಬಾರ್ದು."

ಆಮೇಲೆ ಮಟ್ಟನ್ನು ಮೊದಲಿಂದ ಕೊನೆಯವರೆಗೆ ಎಲ್ಲೂ ಎಳೆಯದೆ ನುಡಿಸಿತು. ಸುನಿಲ್ದಕ್ಕ ಮಗುವಿನ ಬೆರಳನ್ನೇ ನೋಡುತ್ತಿದ್ದಳು. ಅವಳ ಕಣ್ಣಲ್ಲಿ ನೀರು ಬಂದದ್ದನ್ನು ನಾನು ನೋಡಿದ್ದು ಗಂಡನನ್ನು ಮಣ್ಣು ಮಾಡಿದ ದಿನ, ಮತ್ತೆ ಅವತ್ತು.

ಎದ್ದು ನಿಲ್ದಾಣದ ಜನರ ಕಡೆ ತಿರುಗಿದಳು. "ಕೇಳಿ ಎಲ್ಲಾರೂ. ಈ ಮನೇಲಿ ಯಾರೂ ಮೋಸ ಮಾಡಿಲ್ಲ. ಎವಾರಿಸ್ತೋನೂ ಮಾಡಿಲ್ಲ. ತಪ್ಪು ನಂದು. ಇಂಥ ಕಿವಿ ನಾನು ನೋಡೇ ಇಲ್ಲ, ಅದನ್ನೇ ಕಳ್ಳತನ ಅಂದೆ."

ರುಫಿನೋ ಜನರ ಹಿಂದಕ್ಕೆ ಸರಿದ. ಪೆತ್ರೋನಾ ಬುಟ್ಟಿಯ ಬಟ್ಟೆ ಸರಿಸಿ ನನ್ನ ಕೈಗೊಂದು ಚಿಪಾ ಇಟ್ಟಳು. "ತಣ್ಣಗಾಗಿದೆ. ನಾಲ್ಕು ದಿನದ ಸಿಟ್ಟಿಗೆ ಇಷ್ಟೇ" ಅಂದಳು.

ಸಂಗೀತ ಮನೆಯ ಅಧ್ಯಕ್ಷರು ಇರುವುದು ಎಂಟೇ ಗಿಟಾರು, ಒಂಬತ್ತನೇ ಮಗು ಏನನ್ನು ನುಡಿಸುತ್ತೆ ಎಂದು ತಕರಾರು ತೆಗೆದರು. ಸುನಿಲ್ದಕ್ಕ ಪರೀಕ್ಷೆಯ ಗಿಟಾರನ್ನೇ ನಿಮಿಯಾಗೆ ಕೊಟ್ಟಳು. "ಹಂಗಾದ್ರೆ ಮುಂದಿನ ವರ್ಷ ಪರೀಕ್ಷೆ ಯಾವುದರಲ್ಲಿ?" ಅಂದರು. "ಮುಂದಿನ ವರ್ಷ ನೋಡೋಣ" ಅಂದಳು. ಚೀಟಿಯ ಕೊನೆಗೆ ಒಂಬತ್ತನೇ ಹೆಸರನ್ನು ನಾನೇ ಬರೆದೆ, ಪ್ರೀತಿಯಿಂದಲೇ ಬರೆದೆ. ಮಗು ಬ್ಯೂನಸ್ ಐರಿಸ್‌ಗೆ ಹೋಗಲಿಲ್ಲ.

ಅವತ್ತು ಮಧ್ಯಾಹ್ನ ಮಾವಿನ ಮರದ ಕೆಳಗೆ ಮತ್ತೆ ಒಂದೇ ಲೋಟದಲ್ಲಿ ತೆರೆರೆ ಕುಡಿದೆವು. ಅವಳು ನೀರು ಸುರಿಯುತ್ತಿದ್ದಳು, ನಾನು ಹೀರುತ್ತಿದ್ದೆ. ಮೂರನೇ ಸರದಿಗೆ ಲೋಟ ತುಂಬುತ್ತಾ ಕೇಳಿದಳು.

"ಎವಾರಿಸ್ತೋ, ನೀನು ಅವತ್ತೂ ಅಲ್ಲೇ ನಿಂತಿದ್ದೆ ಅಲ್ವಾ? ಏಳನೇ ಸಂಖ್ಯೆ ಬಂದಾಗ."

ಯಾವ ಏಳು ಎಂದು ನಾನು ಕೇಳಲಿಲ್ಲ.

"ಅವನು ಎಲ್ಲೂ ತಡವರಿಸ್ಲಿಲ್ಲ. ತಂತಿ ಹೆಂಗಿದೆ ಅಂತ ಅವನಿಗೆ ಗೊತ್ತೇ ಆಗ್ಲಿಲ್ಲ, ನನ್ನ ಮಗನಿಗೆ ಕಿವಿ ಇಲ್ಲ ಅಂತ ಇಷ್ಟು ವರ್ಷ ಅಂದ್ಕೊಂಡಿದ್ದೀನಿ. ಅವನ ಬೆರಳು ಹೆಂಗಿತ್ತು? ನೀನು ಏನು ಕಂಡೆ?"

ಗೊತ್ತಿಲ್ಲ, ಮರೆತೆ ಎಂದು ಹೇಳಬಹುದಿತ್ತು. ಇಪ್ಪತ್ತೆಂಟು ವರ್ಷವಾಗಿದೆ, ನಂಬುತ್ತಿದ್ದಳು. ಆದರೆ ಆ ವಾರ ನನಗೆ ಮೂಗನಾಗಿರುವುದು ಸಾಕಾಗಿತ್ತು.

"ಬೆರಳು ನಾನು ನೋಡ್ಲಿಲ್ಲ ಅಕ್ಕ. ಅವನ ಮುಖ ನೋಡ್ತಿದ್ದೆ. ಅವನು ಗಿಟಾರ್ ಕಡೆ ನೋಡ್ಲೇ ಇಲ್ಲ. ಮುಗಿಯೋವರೆಗೂ ನಿಮ್ಮ ಬೆನ್ನನ್ನೇ ನೋಡ್ತಿದ್ದ. ನೀವು ತಿರುಗ್ತೀರೇನೋ ಅಂತ."

ಅವಳು ನೀರಿನ ಜಗ್ಗನ್ನು ನೆಲದ ಮೇಲಿಟ್ಟಳು. ಎದ್ದು ಒಳಗೆ ಹೋದಳು. ಸ್ವಲ್ಪ ಹೊತ್ತಿನಲ್ಲಿ ನೆಲವನ್ನು ಕೆರೆಯುವ ಸದ್ದು ಕೇಳಿಸಿತು. ಹೋಗಿ ನೋಡಿದರೆ, ಗೋಡೆಯ ಕಡೆಗಿದ್ದ ಆ ಭಾರದ ಕುರ್ಚಿಯನ್ನು ಒಬ್ಬಳೇ ಎಳೆದು ತಿರುಗಿಸುತ್ತಿದ್ದಳು. ಕೈ ಹಾಕಲು ಹೋದೆ. ಬೇಡ ಅಂದಳು.